ಎನ್-ರೋಡ್ಸ್: ಬೇಡಿಕೆ ಪಟ್ಟಿ ಬರೆಯುವ ಮುನ್ನ ಒಮ್ಮೆ ತೂಗಿ ನೋಡಲು

ಶುದ್ಧ ಇಂಧನಕ್ಕಾಗಿ ಓಡಾಡುವ ಯಾವ ಗುಂಪಿನ ಸಭೆಯಲ್ಲೂ ಬೇಡಿಕೆಗಳಿಗೆ ಬರವಿರುವುದಿಲ್ಲ. ಸೌರಶಕ್ತಿ ಬೇಕು, ಮರ ನೆಡಬೇಕು, ವಿದ್ಯುತ್ ಬಸ್ಸು ಬರಬೇಕು, ಕಲ್ಲಿದ್ದಲು ನಿಲ್ಲಬೇಕು. ಇವುಗಳಲ್ಲಿ ಯಾವುದರಿಂದ ಭೂಮಿಯ ಬಿಸಿ ಎಷ್ಟು ತಗ್ಗುತ್ತದೆ ಎಂದು ಯಾರಾದರೂ ಕೇಳಿದರೆ ಮಾತ್ರ ಸಭೆ ಸುಮ್ಮನಾಗುತ್ತದೆ, ಇಲ್ಲವೇ ಎರಡು ಬಣವಾಗುತ್ತದೆ. ಎನ್-ರೋಡ್ಸ್ ನೆರವಿಗೆ ಬರುವುದು ಅಂಥ ಹೊತ್ತಿನಲ್ಲಿ. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಹವಾಮಾನ ಸಿಮ್ಯುಲೇಟರ್ ಇದು, ಅಂದರೆ ಯಾವ ಕ್ರಮಕ್ಕೆ ಏನು ಫಲ ಎಂದು ಲೆಕ್ಕ ಹಾಕಿ ತೋರಿಸುವ ತಂತ್ರಾಂಶ. ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಕ್ಲೈಮೇಟ್ ಇಂಟರ್ಯಾಕ್ಟಿವ್ ಎಂಬ ಲಾಭರಹಿತ ಸಂಸ್ಥೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸ್ಲೋನ್ ಮ್ಯಾನೇಜ್ಮೆಂಟ್ ಶಾಲೆ ಮತ್ತು ವೆಂಟಾನಾ ಸಿಸ್ಟಮ್ಸ್ ಕಂಪನಿ ಸೇರಿ ಕಟ್ಟಿದ ಇದು 2019ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಸಿಕ್ಕಿತು. ಒಳಗಿನ ಸಮೀಕರಣಗಳನ್ನೂ ಅಂದಾಜುಗಳನ್ನೂ ವಿವರಿಸುವ ತಾಂತ್ರಿಕ ಕೈಪಿಡಿ ಮುಕ್ತವಾಗಿದೆ. ಇದು ದೊಡ್ಡ ಗುಣ, ಏಕೆಂದರೆ ಸಭೆಯಲ್ಲಿ ಒಬ್ಬರಾದರೂ "ಈ ಲೆಕ್ಕ ಎಲ್ಲಿಂದ ಬಂತು?" ಎಂದು ಕೇಳೇ ಕೇಳುತ್ತಾರೆ.

ತೆರೆಯ ಮೇಲೆ ಮೊದಲು ಕಾಣುವುದು ಎರಡು ಗ್ರಾಫ್. ಜಗತ್ತಿನ ಇಂಧನ ಯಾವ ಮೂಲಗಳಿಂದ ಬರುತ್ತದೆ ಎಂಬುದು ಎಡಗಡೆ, ಹಸಿರುಮನೆ ಅನಿಲಗಳ ಹೊರಸೂಸುವಿಕೆ ಬಲಗಡೆ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ 2100ರ ಉಷ್ಣಾಂಶ ಏರಿಕೆ. ಕೆಳಗೆ ಎಡಕ್ಕೂ ಬಲಕ್ಕೂ ಎಳೆದು ಬದಲಿಸುವ ಸಾಲುಸಾಲು ಸ್ಲೈಡರ್‌ಗಳು: ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ, ಜೈವಿಕ ಇಂಧನ, ನವೀಕರಿಸಬಹುದಾದ ಇಂಧನ, ಅಣುಶಕ್ತಿ, ಇಂಗಾಲದ ಬೆಲೆ (ಹೊರಬಿಡುವ ಇಂಗಾಲದ ಮೇಲೆ ಹಾಕುವ ಶುಲ್ಕ), ಸಾರಿಗೆ, ಕಟ್ಟಡ ಮತ್ತು ಕೈಗಾರಿಕೆ, ಜನಸಂಖ್ಯೆ, ಅರಣ್ಯನಾಶ, ಮೀಥೇನ್, ಗಾಳಿಯಿಂದ ಇಂಗಾಲ ಹೀರುವ ವಿಧಾನಗಳು. ಏನನ್ನೂ ಮುಟ್ಟದೆ ಬಿಟ್ಟರೆ ಅಂಕಿ ಸುಮಾರು 3.3 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. 2015ರ ಪ್ಯಾರಿಸ್ ಒಪ್ಪಂದದ ಗುರಿ 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ 1.5ರಲ್ಲಿ ನಿಲ್ಲಿಸುವುದು. ಈ ಅಂತರವನ್ನು ಯಾವ ಯಾವ ಸ್ಲೈಡರ್ ಎಳೆದು ತುಂಬುತ್ತೀರಿ ಎಂಬುದೇ ಆಟ. ಎಳೆದ ಕ್ಷಣದಲ್ಲೇ ಫಲಿತಾಂಶ ಬದಲಾಗುತ್ತದೆ, ಕಾಯಬೇಕಿಲ್ಲ. ಲೆಕ್ಕವೆಲ್ಲ ನಮ್ಮ ಕಂಪ್ಯೂಟರಿನ ಬ್ರೌಸರ್‌ನಲ್ಲೇ ನಡೆಯುವುದರಿಂದ ಪುಟ ಒಮ್ಮೆ ಪೂರ್ತಿ ತೆರೆದರೆ ಇಂಟರ್ನೆಟ್ ನಿಧಾನವಾದರೂ ಕೆಲಸ ನಿಲ್ಲುವುದಿಲ್ಲ.

ಒಂದೇ ಸ್ಲೈಡರ್‌ನಿಂದ ಗುರಿ ಮುಟ್ಟಲು ಆಗುವುದಿಲ್ಲ. ಹತ್ತು ನಿಮಿಷ ಆಡಿದವರಿಗೆ ಇದು ತಾನಾಗಿ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಪಾಠವಿದೆ. ನವೀಕರಿಸಬಹುದಾದ ಇಂಧನದ ಸಬ್ಸಿಡಿಯನ್ನು ತುದಿಯವರೆಗೆ ಎಳೆಯಿರಿ. ಎಡ ಗ್ರಾಫ್‌ನಲ್ಲಿ ಸೌರ ಮತ್ತು ಗಾಳಿ ವಿದ್ಯುತ್ತಿನ ಪಟ್ಟಿ ದಪ್ಪವಾಗುತ್ತದೆ, ಆದರೆ ಉಷ್ಣಾಂಶ ಇಳಿಯುವುದು ಡಿಗ್ರಿಯ ಒಂದೆರಡು ಹತ್ತನೇ ಭಾಗ. ಸೌರಶಕ್ತಿಯನ್ನೇ ನಂಬಿ ಬಂದವರಿಗೆ ಇದು ಪೆಟ್ಟು ಕೊಟ್ಟಂತಾಗುತ್ತದೆ. ಕಾರಣಗಳು ಮೂರು. ಜಗತ್ತು ಕೊನೆಯಲ್ಲಿ ಬಳಸುವ ಶಕ್ತಿಯಲ್ಲಿ ವಿದ್ಯುತ್ತಿನ ಪಾಲು ಐದನೇ ಒಂದರಷ್ಟು. ಮಿಕ್ಕಿದ್ದು ಎಂಜಿನ್, ಕುಲುಮೆ, ಬಾಯ್ಲರ್‌ಗಳಲ್ಲಿ ನೇರವಾಗಿ ಸುಡುವ ಇಂಧನ. ಈಗಾಗಲೇ ಕಟ್ಟಿ ನಿಲ್ಲಿಸಿದ ಕಲ್ಲಿದ್ದಲು ಸ್ಥಾವರ ಮೂವತ್ತು ನಲವತ್ತು ವರ್ಷ ಓಡುತ್ತದೆ. ಪಕ್ಕದಲ್ಲಿ ಸೌರಫಲಕ ಬಂತೆಂದು ತಾನಾಗಿ ಮುಚ್ಚುವುದಿಲ್ಲ. ಮೂರನೆಯದು, ಶಕ್ತಿ ಅಗ್ಗವಾದಾಗ ಬಳಕೆ ಹೆಚ್ಚುತ್ತದೆ.

ಈಗ ಅದೇ ಸಬ್ಸಿಡಿಯನ್ನು ಹಾಗೇ ಬಿಟ್ಟು ಕಲ್ಲಿದ್ದಲಿನ ಸ್ಲೈಡರನ್ನು ಹಿಂದಕ್ಕೆಳೆಯಿರಿ, ಇಂಗಾಲದ ಬೆಲೆ ಏರಿಸಿ. ಗ್ರಾಫ್ ಬೇರೆಯೇ ರೂಪ ತಾಳುತ್ತದೆ. ಒಂಟಿಯಾಗಿ ಎಳೆದಾಗ ಅತಿ ಹೆಚ್ಚು ಇಳಿಸುವ ಸ್ಲೈಡರ್‌ಗಳಲ್ಲಿ ಇಂಗಾಲದ ಬೆಲೆಯೂ ಒಂದು, ಏಕೆಂದರೆ ಅದು ಕಲ್ಲಿದ್ದಲು, ತೈಲ, ಅನಿಲ ಮೂರಕ್ಕೂ ಒಟ್ಟಿಗೆ ತಗಲುತ್ತದೆ, ಜೊತೆಗೆ ಮಿತಬಳಕೆಗೂ ತಳ್ಳುತ್ತದೆ. ಒಳ್ಳೆಯದನ್ನು ಕೂಡಿಸಿದರೆ ಸಾಲದು, ಕೆಟ್ಟದ್ದನ್ನು ಕಳೆಯಬೇಕು. ಚಳವಳಿಗಳ ಕರಪತ್ರಗಳಲ್ಲಿ ಮೊದಲ ಅರ್ಧ ದಪ್ಪಕ್ಷರದಲ್ಲಿರುತ್ತದೆ, ಎರಡನೆಯ ಅರ್ಧ ಯಾರಿಗೂ ನೋವಾಗದಂತೆ ಸಣ್ಣದಾಗಿರುತ್ತದೆ. ಈ ಅಸಮತೋಲನವನ್ನು ವಾದವಿಲ್ಲದೆ ಕಣ್ಣಿಗೆ ತೋರಿಸುವ ಸಾಧನ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಎನ್-ರೋಡ್ಸ್ ಅನ್ನು ಶಿಫಾರಸು ಮಾಡಲು ಇದೊಂದೇ ಕಾರಣ ಸಾಕು.

ಕಲ್ಲಿದ್ದಲನ್ನು ಮಾತ್ರ ಒತ್ತಿದರೂ ಪೂರ್ಣ ಫಲವಿಲ್ಲ. ಒಂದು ಕಡೆ ಒತ್ತಿದ ಬಲೂನು ಇನ್ನೊಂದು ಕಡೆ ಉಬ್ಬುವಂತೆ ಖಾಲಿಯಾದ ಜಾಗಕ್ಕೆ ಅನಿಲ ನುಗ್ಗುತ್ತದೆ. ವಿದ್ಯುತ್ ತಯಾರಿಸುವಾಗ ಅನಿಲ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನದರ ಅರ್ಧದಷ್ಟು, ನಿಜ. ಆದರೆ ಬಾವಿಯಿಂದ ಒಲೆಯವರೆಗಿನ ದಾರಿಯಲ್ಲಿ ಸೋರುವ ಮೀಥೇನ್, ಅಂದರೆ ಆ ಅನಿಲದ ಮುಖ್ಯ ಅಂಶ, ಆ ಲಾಭದಲ್ಲಿ ಒಂದಷ್ಟನ್ನು ತಿಂದುಬಿಡುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ತೂಕಕ್ಕೆ ತೂಕ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತದೆ. ವಾತಾವರಣದಲ್ಲಿ ಅದರ ಆಯುಸ್ಸು ಸುಮಾರು 12 ವರ್ಷವಾದ್ದರಿಂದ ಸೋರಿಕೆ ತಡೆದರೆ ಪರಿಣಾಮವೂ ಬೇಗ ಕಾಣುತ್ತದೆ. ಮೀಥೇನ್ ಸ್ಲೈಡರನ್ನು ಯಾರೂ ಮೊದಲು ಕೇಳುವುದಿಲ್ಲ. ಕೇಳದಿದ್ದರೂ ಎಳೆದು ತೋರಿಸಿ.

ಸ್ಲೈಡರ್ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿದರೆ ಒಳವಿವರಗಳು ತೆರೆದುಕೊಳ್ಳುತ್ತವೆ. ಸಭೆ ನಡೆಸುವವರು ಕಲಿಯಲೇಬೇಕಾದ ಜಾಗ ಇದು. ಉದಾಹರಣೆಗೆ ಕಲ್ಲಿದ್ದಲಿಗೆ ತೆರಿಗೆ ಹಾಕುವುದಲ್ಲದೆ ಹೊಸ ಸ್ಥಾವರ ಕಟ್ಟುವುದನ್ನೇ ನಿಲ್ಲಿಸಬಹುದು, ಯಾವ ವರ್ಷದಿಂದ ಎಂಬುದನ್ನೂ ಬದಲಾಯಿಸಬಹುದು. ಅದೇ ಕ್ರಮವನ್ನು ಹತ್ತು ವರ್ಷ ಮುಂದೂಡಿ ನೋಡಿ, ಗೆರೆ ಎಷ್ಟು ಸರಿಯಿತೆಂದು ಕೇಳಿ. "ಈಗಲೇ" ಎಂಬ ಘೋಷಣೆಗೆ ಅಂಕಿಯ ಬಲ ಸಿಗುವುದು ಆಗ.

ಸಭೆ ಮಾಡುವ ಕ್ರಮ ಹೀಗಿಟ್ಟುಕೊಳ್ಳಿ. ಹದಿನೈದರಿಂದ ನಲವತ್ತು ಜನ, ತೊಂಬತ್ತು ನಿಮಿಷ. ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಚೀಟಿಗಳು, ಪೆನ್ನು. ಮೌಸ್ ಹಿಡಿಯುವವರು ಒಬ್ಬರು, ಮಾತನಾಡಿಸುವವರು ಇನ್ನೊಬ್ಬರು ಇರಲೇಬೇಕು. ಒಬ್ಬರೇ ಎರಡೂ ಮಾಡಿದರೆ ಮುಖ ಲ್ಯಾಪ್‌ಟಾಪಿಗೆ ಅಂಟಿಕೊಂಡು ಸಭೆ ಕೈತಪ್ಪುತ್ತದೆ. ಸ್ಲೈಡರ್‌ಗಳ ಹೆಸರುಗಳ ಅಕ್ಷರ ಸಣ್ಣದು. ಹಿಂದಿನ ಸಾಲಿಗೆ ಕಾಣುವುದು ಗ್ರಾಫ್ ಮತ್ತು ಉಷ್ಣಾಂಶ ಮಾತ್ರ. ಆದ್ದರಿಂದ ಸ್ಲೈಡರ್‌ಗಳ ಹೆಸರನ್ನು ಜನರ ಭಾಷೆಯಲ್ಲಿ ದೊಡ್ಡದಾಗಿ ಬರೆದ ಹಾಳೆಯನ್ನು ಗೋಡೆಗೆ ಅಂಟಿಸಿ. ಮೊಬೈಲ್‌ನಲ್ಲಿ ನಡೆಸುವ ಯೋಚನೆ ಬೇಡ, ಆ ಪರದೆಗೆ ಇಷ್ಟು ವಿವರ ಹಿಡಿಸುವುದಿಲ್ಲ.

ಮೊದಲ ಹತ್ತು ನಿಮಿಷ ಎರಡು ಗ್ರಾಫ್‌ಗಳ ಪರಿಚಯ. ಆಮೇಲೆ ಮೂವರು ನಾಲ್ವರ ಗುಂಪು ಮಾಡಿ, ತಮಗೆ ಅತಿ ಮುಖ್ಯವೆನಿಸಿದ ಒಂದು ಕ್ರಮ ಆರಿಸಲು ಹೇಳಿ. ಪ್ರತಿ ಕ್ರಮಕ್ಕೂ ಮುನ್ನ ಎಲ್ಲರೂ ಚೀಟಿಯಲ್ಲಿ ಬರೆಯಬೇಕು: ಇದರಿಂದ ಎಷ್ಟು ಡಿಗ್ರಿ ಇಳಿಯಬಹುದು? ಬರೆದಾದ ಮೇಲೇ ಸ್ಲೈಡರ್ ಎಳೆಯುವುದು. ಈ ಊಹೆಯ ಹೆಜ್ಜೆ ಬಿಟ್ಟರೆ ಇಡೀ ಸಭೆ ನೀರಸವಾಗುತ್ತದೆ. ಊಹಿಸದವರಿಗೆ ಫಲಿತಾಂಶ ಬರೀ ಅಂಕಿ; ಊಹಿಸಿದವರಿಗೆ ತಮ್ಮ ನಂಬಿಕೆಯ ಪರೀಕ್ಷೆ. ಎಳೆದ ಮೇಲೆ ಅಂಕಿ ಓದಿ ಮುಂದಿನದಕ್ಕೆ ಓಡಬೇಡಿ. ಎಡ ಗ್ರಾಫ್‌ನಲ್ಲಿ ಯಾವ ಬಣ್ಣ ಕುಗ್ಗಿತು, ಯಾವುದು ಹಿಗ್ಗಿತು, ಯಾಕೆ ಎಂದು ಜನರ ಬಾಯಿಂದಲೇ ಬರಲಿ. ಹಿಂದಿನ ಬದಲಾವಣೆಯನ್ನು ಮತ್ತೆ ಆಡಿ ತೋರಿಸುವ ಗುಂಡಿಯೊಂದಿದೆ. ಎರಡು ಮೂರು ಸಲ ಒತ್ತಿ. ಒಂದು ಕ್ರಮಕ್ಕೆ ಐದಾರು ನಿಮಿಷ ಹಿಡಿಯುತ್ತದೆ, ಹಾಗಾಗಿ ಒಂದು ಸಭೆಯಲ್ಲಿ ಎಂಟು ಹತ್ತು ಕ್ರಮಗಳಿಗಿಂತ ಹೆಚ್ಚು ಆಗುವುದಿಲ್ಲ. ಕೊನೆಯ ಕಾಲು ಗಂಟೆ ಮಾತಿಗೇ ಮೀಸಲಿಡಿ.

ಬಹುತೇಕ ಸಭೆಗಳಲ್ಲಿ ಮೊದಲು ಬರುವ ಸಲಹೆ ಮರ ನೆಡುವುದು. ಸ್ಲೈಡರ್ ಎಳೆದರೆ ಸಿಗುವ ಇಳಿಕೆ ನಿರಾಸೆ ತರುವಷ್ಟು ಕಡಿಮೆ, ಅದೂ ತಡವಾಗಿ. ಸಸಿ ಬೆಳೆದು ಇಂಗಾಲ ಹಿಡಿಯಲು ದಶಕಗಳು ಬೇಕು, ಜೊತೆಗೆ ಅಗಾಧ ನೆಲ ಬೇಕು. ಎಷ್ಟು ನೆಲ ಎಂಬ ಗ್ರಾಫ್ ಕೂಡ ಇದೆ, ಅದನ್ನು ತೆರೆದು ಆ ನೆಲದಲ್ಲಿ ಈಗ ಯಾರು ಬದುಕುತ್ತಿದ್ದಾರೆ ಎಂದು ಕೇಳಿ. ಮರ ನೆಡುವವರನ್ನು ಚುಚ್ಚಬೇಕಿಲ್ಲ. ನೆರಳು, ನೀರು, ಮಣ್ಣು, ಹಕ್ಕಿಗಳಿಗಾಗಿ ಮರ ಬೇಕೇ ಬೇಕು. ಕಲ್ಲಿದ್ದಲಿನ ಹೊಗೆಗೆ ಅದು ಪ್ರಾಯಶ್ಚಿತ್ತವಾಗದು ಎಂಬಷ್ಟೇ ವಿಷಯ. ವಿದ್ಯುತ್ ವಾಹನದ ಕತೆಯೂ ಹೀಗೇ. ವಿದ್ಯುತ್ ಜಾಲ ಶುದ್ಧವಾಗದೆ ಬರೀ ವಾಹನ ಬದಲಿಸಿದರೆ ಗೆರೆ ಅಷ್ಟೇನೂ ಕದಲುವುದಿಲ್ಲ. ಕಲ್ಲಿದ್ದಲು ಇಳಿಸಿ ಆಮೇಲೆ ಅದೇ ಸ್ಲೈಡರ್ ಎಳೆದರೆ ಲಾಭ ಹೆಚ್ಚುತ್ತದೆ. ಎರಡೂ ಕ್ರಮದಲ್ಲಿ ಮಾಡಿ ತೋರಿಸಿದರೆ ಹೊಂದಾಣಿಕೆಯ ಅರ್ಥ ಮಕ್ಕಳಿಗೂ ತಿಳಿಯುತ್ತದೆ. ಯಾರ ಗಮನವೂ ಹೋಗದ, ಆದರೆ ನಂಬಿಕಸ್ಥ ಸ್ಲೈಡರ್ ಎಂದರೆ ಕಟ್ಟಡ ಮತ್ತು ಕೈಗಾರಿಕೆಗಳ ದಕ್ಷತೆ: ಬಿಸಿ ತಡೆಯುವ ಗೋಡೆ, ಒಳ್ಳೆಯ ಮೋಟಾರು, ಕಡಿಮೆ ವಿದ್ಯುತ್ ಕುಡಿಯುವ ಯಂತ್ರ.

ಜನರಿಗೆ ಬಿಡಿಸಿ ಹೇಳಲೇಬೇಕಾದ ತೊಡಕೊಂದಿದೆ. ಹೊರಸೂಸುವಿಕೆಯ ಗೆರೆ ಇಳಿಯುತ್ತಿರುತ್ತದೆ, ಉಷ್ಣಾಂಶದ ಗೆರೆ ಏರುತ್ತಲೇ ಇರುತ್ತದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ತೊಟ್ಟಿಯ ಹೋಲಿಕೆ ಕೊಡಿ. ನಲ್ಲಿಯಿಂದ ಬೀಳುವ ನೀರು ತೂಬಿನಿಂದ ಹೋಗುವ ನೀರಿಗಿಂತ ಹೆಚ್ಚಿರುವ ತನಕ, ನಲ್ಲಿಯನ್ನು ಅರ್ಧ ತಿರುಗಿಸಿದರೂ ತೊಟ್ಟಿ ತುಂಬುತ್ತಲೇ ಹೋಗುತ್ತದೆ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಕಡಲು ಮತ್ತು ನೆಲ ಹೀರುತ್ತವೆ, ಉಳಿದದ್ದು ಗಾಳಿಯಲ್ಲೇ ಕೂಡುತ್ತದೆ. ಗಾಳಿಯಲ್ಲಿನ ಸಾಂದ್ರತೆಯ ಗ್ರಾಫನ್ನು ಬಲಗಡೆ ತೆರೆದಿಟ್ಟು ಈ ಮಾತು ಹೇಳಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಗ್ರಾಫ್ ಇಲ್ಲದೆ ಹೇಳಿದರೆ ಅರ್ಧ ಗಂಟೆಯಾದರೂ ತಲೆಗೆ ಹತ್ತುವುದಿಲ್ಲ.

ಇಂಧನದ ಗ್ರಾಫಿನ ಅಳತೆ ಎಕ್ಸಾಜೂಲ್. ಕೇಳಿದವರಿಗೆ ಹೇಳಲು ಲೆಕ್ಕ ಸಿದ್ಧವಿರಲಿ: ಒಂದು ಎಕ್ಸಾಜೂಲ್ ಎಂದರೆ ಸುಮಾರು 27,800 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ.

ಕೊರತೆಗಳೂ ಸಣ್ಣವಲ್ಲ. ಇಡೀ ಜಗತ್ತನ್ನು ಒಂದೇ ಘಟಕವಾಗಿ ಹಿಡಿದಿರುವುದರಿಂದ ಯಾರು ಎಷ್ಟು ಹೊಗೆ ಬಿಟ್ಟರು, ಹೊರೆ ಯಾರು ಹೊರಬೇಕು ಎಂಬ ನ್ಯಾಯದ ಪ್ರಶ್ನೆಗೆ ಇಲ್ಲಿ ಸ್ಲೈಡರ್ ಇಲ್ಲ. ಜನಸಂಖ್ಯೆಯ ಸ್ಲೈಡರ್ ಬಂದಾಗ ಇದು ಅಪಾಯಕಾರಿಯಾಗುತ್ತದೆ. ಒಬ್ಬ ಶ್ರೀಮಂತನ ಹೊಗೆಗೂ ಒಬ್ಬ ಬಡವನ ಹೊಗೆಗೂ ಇರುವ ಅಜಗಜಾಂತರ ಗ್ರಾಫ್‌ನಲ್ಲಿ ಕಾಣದೆ ಮಾತು ಬಡವರ ಮಕ್ಕಳ ಎಣಿಕೆಗೆ ಜಾರುತ್ತದೆ. ನಡೆಸುವವರು ಅಲ್ಲಿ ತಡೆಯಬೇಕು. ದೇಶಗಳ ನಡುವಿನ ಚೌಕಾಸಿ ಬೇಕಿದ್ದರೆ ಇದೇ ತಂಡದ, ದೇಶಗಳನ್ನು ಗುಂಪುಗುಂಪಾಗಿ ಬಿಡಿಸಿ ತೋರಿಸುವ ಇನ್ನೊಂದು ಸಿಮ್ಯುಲೇಟರ್ ಸಿ-ರೋಡ್ಸ್ ಹೆಚ್ಚು ಸೂಕ್ತ. ಎನ್-ರೋಡ್ಸ್ ಜೊತೆ ಆಡಲು ಸಿದ್ಧಪಡಿಸಿದ ಪಾತ್ರಾಭಿನಯದ ಆಟವೊಂದಿದೆ. ಸರ್ಕಾರಗಳು, ಹಳೆಯ ಇಂಧನ ಕಂಪನಿಗಳು, ಶುದ್ಧ ತಂತ್ರಜ್ಞಾನದವರು, ಕೃಷಿ ಮತ್ತು ಅರಣ್ಯದವರು, ಹವಾಮಾನ ನ್ಯಾಯದ ಹೋರಾಟಗಾರರು ಎಂದು ಜನ ಬೇರೆ ಬೇರೆ ಮೇಜಿಗೆ ಕೂರುತ್ತಾರೆ. ನ್ಯಾಯದ ಪ್ರಶ್ನೆ ಅಲ್ಲಿ ಮನುಷ್ಯರ ದನಿಯಲ್ಲೇ ಎದ್ದು ಬರುತ್ತದೆ. ಎರಡು ಮೂರು ಗಂಟೆ ಬಿಡುವಿರುವ ಗುಂಪು ಇದನ್ನೇ ಆರಿಸಲಿ.

ಇಂಗಾಲದ ಬೆಲೆ ಏರಿಸುವಾಗ ಇಂಧನದ ವೆಚ್ಚದ ಗ್ರಾಫನ್ನೂ ತೆರೆಯದೆ ಹೋದರೆ ಅದು ಅರ್ಧಸತ್ಯ. ಬೆಲೆ ಏರಿದರೆ ಮೊದಲು ನೋಯುವುದು ಬಡ ಮನೆ. ಸಂಗ್ರಹವಾದ ಹಣವನ್ನು ಮನೆಗಳಿಗೆ ಮರಳಿಸುವುದು ಹೇಗೆ ಎಂಬುದನ್ನು ಮಾದರಿ ಹೇಳಿಕೊಡುವುದಿಲ್ಲ, ಸಭೆಯೇ ಕೂತು ಚರ್ಚಿಸಬೇಕು. ಇನ್ನೂ ಹುಟ್ಟದ ಹೊಸ ಇಂಗಾಲರಹಿತ ತಂತ್ರಜ್ಞಾನಕ್ಕೂ ಒಂದು ಸ್ಲೈಡರ್ ಇದೆ. ಅದನ್ನು ಎಳೆದವರಿಗೆ ಒಳವಿವರ ತೆರೆದು, ಕಂಡುಹಿಡಿದ ದಿನದಿಂದ ಜಗತ್ತಿನ ತುಂಬ ಸ್ಥಾವರವಾಗಿ ನಿಲ್ಲುವವರೆಗೆ ಎಷ್ಟು ವರ್ಷ ಹಿಡಿಯುತ್ತದೆಂದು ತೋರಿಸಿ.

ಉಷ್ಣಾಂಶ ಒಂದೇ ದಶಾಂಶಕ್ಕೆ ದುಂಡಾಗುವುದರಿಂದ ಸಣ್ಣ ಕ್ರಮಗಳಿಗೆ ಅಂಕಿ ಅಲ್ಲಾಡುವುದೇ ಇಲ್ಲ. "ಹಾಗಾದರೆ ಏನೂ ಪ್ರಯೋಜನವಿಲ್ಲ" ಎಂದು ಜನ ಕೈಚೆಲ್ಲುವ ಹೊತ್ತದು. ಆಗ ಕಣ್ಣನ್ನು ಹೊರಸೂಸುವಿಕೆಯ ಗೆರೆಗೆ ಒಯ್ಯಿರಿ, ಅಥವಾ ಸೂಕ್ಷ್ಮ ಕಣಗಳ ಮಾಲಿನ್ಯದ ಗ್ರಾಫ್ ತೆರೆಯಿರಿ. ಕಲ್ಲಿದ್ದಲು ಇಳಿದಾಗ ಉಸಿರಾಡುವ ಗಾಳಿ ಕೂಡಲೇ ಶುದ್ಧವಾಗುವುದು ಅಲ್ಲಿ ಕಾಣುತ್ತದೆ, ಅದಕ್ಕೆ 2100ರ ತನಕ ಕಾಯಬೇಕಿಲ್ಲ.

3.3 ಎಂಬುದನ್ನು ಭವಿಷ್ಯವಾಣಿ ಎಂದು ಕರಪತ್ರದಲ್ಲಿ ಹಾಕಬೇಡಿ. ಅದು ಹೋಲಿಸಲು ಇಟ್ಟ ಆರಂಭದ ಗೆರೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ 3 ಡಿಗ್ರಿ ಬಿಸಿಯಾಗುತ್ತದೆ ಎಂಬ ಅಂದಾಜಿನ ಮೇಲೆ ನಿಂತದ್ದು. ಆ ಅಂದಾಜನ್ನೂ ಬದಲಿಸಿ ನೋಡಬಹುದು. ಆವೃತ್ತಿ ಬದಲಾದಂತೆ ಆರಂಭದ ಅಂಕಿಯೂ ಬದಲಾಗುತ್ತದೆ, ಹಿಂದೆ ಅದು 3.6 ಇತ್ತು. ಹಳೆಯ ಸಭೆಯ ಫಲಿತಾಂಶವನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸುವವರು ಎಡವುವುದು ಇಲ್ಲೇ.

ಬೀದಿಯ ಮಟ್ಟದ ಬೇಡಿಕೆಗೆ ಎನ್-ರೋಡ್ಸ್ ಸಹಾಯ ಮಾಡದು. ಈ ಶಾಲೆಯ ಚಾವಣಿಯಲ್ಲಿ ಎಷ್ಟು ಯೂನಿಟ್ ಬರುತ್ತದೆ ಎಂಬ ಪ್ರಶ್ನೆಗೆ ಯುರೋಪಿಯನ್ ಆಯೋಗದ ಪಿವಿಜಿಐಎಸ್ ಅಥವಾ ವಿಶ್ವಬ್ಯಾಂಕ್ ನೆರವಿನ ಗ್ಲೋಬಲ್ ಸೋಲಾರ್ ಅಟ್ಲಾಸ್ ನೋಡಿ, ಎರಡೂ ಸೌರ ವಿದ್ಯುತ್ತಿನ ಲೆಕ್ಕ ಹಾಕಿಕೊಡುವ ಉಚಿತ ಜಾಲತಾಣಗಳು. ಪಿವಿಜಿಐಎಸ್ ತಂತಿ, ಇನ್ವರ್ಟರ್, ಧೂಳಿನ ನಷ್ಟಕ್ಕೆಂದು 14 ಶೇಕಡಾ ಮೊದಲೇ ಕಳೆದಿರುತ್ತದೆ; ಫಲಕ ತೊಳೆಯುವವರಿಲ್ಲದ ಚಾವಣಿಗೆ ಅದನ್ನು ಇನ್ನೂ ಹೆಚ್ಚಿಸಿ ಲೆಕ್ಕ ಹಾಕಿ.

ಸಭೆ ಮುಗಿದ ಮೇಲೆ ಹಂಚಿಕೆಯ ಗುಂಡಿ ಒತ್ತಿದರೆ ಎಲ್ಲ ಸ್ಲೈಡರ್‌ಗಳ ಸ್ಥಿತಿ ಅಡಗಿರುವ ಲಿಂಕ್ ಸಿಗುತ್ತದೆ. ಅದನ್ನು ಬಂದವರಿಗೆಲ್ಲ ಕಳಿಸಿ. ಆವೃತ್ತಿ ಬದಲಾದರೂ ದಾಖಲೆ ಉಳಿಯುವಂತೆ ಪರದೆಯ ಚಿತ್ರವನ್ನೂ ತೆಗೆದು ತಾರೀಖು ಬರೆದಿಡಿ. ಊಹೆಯ ಚೀಟಿಗಳನ್ನು ಎಸೆಯಬೇಡಿ. ಮನವಿಪತ್ರ ಬರೆಯಲು ಕೂತಾಗ ಯಾವ ಊಹೆ ಅತಿ ಹೆಚ್ಚು ತಪ್ಪಿತ್ತೋ ಆ ವಿಷಯಕ್ಕೆ ಮೊದಲ ಪ್ಯಾರಾ ಕೊಡಿ. ಓದುವ ಅಧಿಕಾರಿಯೂ ಬಹುಶಃ ಅದೇ ತಪ್ಪು ಊಹೆಯಲ್ಲಿರುತ್ತಾರೆ.