ಮೂರೂವರೆ ವರ್ಷದ ಮಗುವಿನೊಂದಿಗೆ ಅಂಡಮಾನ್: ಹಣ ಕಟ್ಟುವ ಮೊದಲು ಇದನ್ನು ಓದಿ

ಐದು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಅಂಡಮಾನಿಗೆ ಹೊರಡುವ ಯೋಚನೆಯಲ್ಲಿರುವವರು ನಮಗೆ ಆದದ್ದನ್ನು ಓದಿ, ಆಮೇಲೆ ಪ್ಯಾಕೇಜಿಗೆ ಹಣ ಕಟ್ಟಿ. ದ್ವೀಪಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅಲ್ಲಿಯ ಜನರಿಗಂತೂ ನಾವು ಋಣಿಗಳು. ನನ್ನ ದೂರು ಇರುವುದು ಬೆಂಗಳೂರಿನಲ್ಲಿ ಕುಳಿತು ನನ್ನ ಮಗಳ ಆರು ದಿನಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟವರ ಮೇಲೆ.

ನಾವಿರುವುದು ವಿಜಯನಗರದಲ್ಲಿ. ಮನೆಗೆ ಹತ್ತಿರದ ಒಂದು ಪ್ರವಾಸ ಏಜೆನ್ಸಿಯಲ್ಲಿ ಕಳೆದ ಡಿಸೆಂಬರ್ ರಜೆಗೆಂದು ನಾಲ್ವರಿಗೆ ಪ್ಯಾಕೇಜ್ ಮಾಡಿಸಿದೆವು: ನಾನು, ಯಜಮಾನರು, ಅರವತ್ತಾರು ವರ್ಷದ ನನ್ನ ಅತ್ತೆ, ಮೂರೂವರೆ ವರ್ಷದ ಮಗಳು. ವಿಮಾನ, ಹಡಗು, ಹೋಟೆಲ್, ಕಾರು ಎಲ್ಲ ಸೇರಿ 1,42,000 ರೂಪಾಯಿ. ಪೂರ್ತಿ ಹಣವನ್ನು ಮುಂಗಡವಾಗಿ ಪಡೆದರು. ‘ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಮೇಡಂ, ನೀವು ಬಟ್ಟೆ ತುಂಬಿಕೊಂಡು ಹೊರಡಿ ಸಾಕು’ ಎಂದರು. ಅವರು ಕೊಟ್ಟ ಹಾಳೆಯಲ್ಲಿ ಮೂರನೆಯ ದಿನದ ಸಾಲು ಹೀಗಿತ್ತು: ‘ಸಂಜೆ 6ಕ್ಕೆ ರಾಧಾನಗರ ಕಡಲತೀರದಲ್ಲಿ ಸೂರ್ಯಾಸ್ತ ವೀಕ್ಷಣೆ.’

ಅಂಡಮಾನ್ ಬೆಂಗಳೂರಿಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಆರು ಗಂಟೆಗೆ ಕಡಲತೀರದಲ್ಲಿ ಕತ್ತಲು. ಈ ಒಂದು ಸಾಲನ್ನು ನಾನು ಮನೆಯಲ್ಲೇ ಪರೀಕ್ಷಿಸಿದ್ದರೆ, ಇದನ್ನು ಬರೆದವರು ಆ ದ್ವೀಪಕ್ಕೆ ಕಾಲಿಟ್ಟವರಲ್ಲ ಎಂಬುದು ತಿಳಿಯುತ್ತಿತ್ತು. ನಾನು ಪರೀಕ್ಷಿಸಲಿಲ್ಲ.

ಮೊದಲ ದಿನ ಚೆನ್ನಾಗಿಯೇ ಇತ್ತು. 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು ಪಡೆದಿರುವ ಪೋರ್ಟ್ ಬ್ಲೇರ್ ಏರುತಗ್ಗುಗಳ ಊರು. ಸೆಲ್ಯುಲರ್ ಜೈಲಿನ ಉದ್ದನೆಯ ಓಣಿಗಳಲ್ಲಿ ಮಗಳು ಓಡಾಡಿದಳು, ಅತ್ತೆ ಒಂದು ಕೋಣೆಯ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಅಬರ್ಡೀನ್ ಬಜಾರಿನಲ್ಲಿ ಬಾಳೆಹಣ್ಣು, ಬ್ರೆಡ್ಡು ಕೊಂಡುಕೊಂಡು ಎಂಟಕ್ಕೆಲ್ಲ ಮಲಗಿದೆವು. ಏಕೆಂದರೆ ಮರುದಿನ ಬೆಳಗಿನ ಜಾವ ಮೂರು ಗಂಟೆಗೆ ಬಾರಾಟಾಂಗ್‌ಗೆ ಹೊರಡಬೇಕೆಂದು ಹಾಳೆಯಲ್ಲಿತ್ತು.

ಬಾರಾಟಾಂಗ್ ಎಂದರೇನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ನಮಗೆ ಯಾರೂ ಹೇಳಲಿಲ್ಲ. ಅದೊಂದು ದ್ವೀಪ, ಪೋರ್ಟ್ ಬ್ಲೇರಿನಿಂದ ಸುಮಾರು ನೂರು ಕಿಲೋಮೀಟರ್ ದಾರಿ. ಜಿರ್ಕಾಟಾಂಗ್ ಎಂಬಲ್ಲಿ ತಪಾಸಣಾ ಠಾಣೆ ಇದೆ. ಅಲ್ಲಿ ವಾಹನಗಳನ್ನು ಸಾಲಾಗಿ ನಿಲ್ಲಿಸಿಕೊಂಡು, ನಿಗದಿತ ವೇಳೆಗೆ ಪೊಲೀಸರ ಬೆಂಗಾವಲಿನಲ್ಲಿ ಒಟ್ಟಿಗೆ ಬಿಡುತ್ತಾರೆ. ಮುಂದಿನ ಸುಮಾರು ಐವತ್ತು ಕಿಲೋಮೀಟರ್ ಜರವಾ ಸಮುದಾಯದ ಮೀಸಲು ಅರಣ್ಯ. ಅಲ್ಲಿ ವಾಹನ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ನಿಯಮ ಸರಿಯಾದದ್ದೇ, ಅದು ಆ ಜನರ ರಕ್ಷಣೆಗಾಗಿ ಇರುವುದು. ಆದರೆ ನಿದ್ದೆಗೆಟ್ಟ ಮೂರೂವರೆ ವರ್ಷದ ಮಗುವಿಗೆ ತಿರುವುಗಳ ಆ ದಾರಿಯಲ್ಲಿ ವಾಂತಿ ಶುರುವಾದರೆ ಏನು ಮಾಡುತ್ತೀರಿ? ಮೂತ್ರಕ್ಕೆ ಹೋಗಬೇಕೆಂದು ಅತ್ತರೆ? ನನ್ನ ಮಗಳು ಎರಡಕ್ಕೂ ಅತ್ತಳು. ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು, ಅವಳ ಬೆನ್ನು ಸವರುತ್ತಾ ಆ ದಾರಿ ಕಳೆದೆ. ಸಾಲಿನ ನಡುವೆ ಸಿಕ್ಕಿಕೊಂಡ ಚಾಲಕನಿಗೂ ಬೇರೆ ದಾರಿಯಿರಲಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಏಜೆನ್ಸಿಯ ಹಾಳೆಯಲ್ಲಿ ಈ ದಾರಿಯ ‘ಆಕರ್ಷಣೆ’ಗಳ ಪೈಕಿ ‘ಆದಿವಾಸಿಗಳ ದರ್ಶನ’ ಎಂದೂ ಬರೆದಿತ್ತು. ಕಿಟಕಿಗಳಿಗೆ ಮುಖ ಒತ್ತಿಕೊಂಡು ಕಾಡಿನೊಳಗೆ ಹುಡುಕುತ್ತಿದ್ದ ಜನರನ್ನು ಪಕ್ಕದ ವಾಹನಗಳಲ್ಲಿ ಕಂಡೆ. ‘ಅಮ್ಮ, ಅವರು ಯಾರನ್ನು ಹುಡುಕುತ್ತಿದ್ದಾರೆ?’ ಎಂದು ಮಗಳು ಕೇಳಿದಳು. ಈ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲಿಯೇ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಮನುಷ್ಯರನ್ನು ನೋಡುವ ವಸ್ತುಗಳಂತೆ ಪಟ್ಟಿಗೆ ಸೇರಿಸುವ ಏಜೆನ್ಸಿ ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ.

ಬಾರಾಟಾಂಗ್ ಜೆಟ್ಟಿಯಲ್ಲಿ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವ ದೋಣಿ ಹತ್ತಬೇಕು. ದೋಣಿಯವನು ಕೊಟ್ಟ ಲೈಫ್ ಜಾಕೆಟ್‌ಗಳೆಲ್ಲವೂ ದೊಡ್ಡವರ ಅಳತೆಯವು. ಒಂದನ್ನು ಮಗಳಿಗೆ ತೊಡಿಸಿ ಭುಜದ ಪಟ್ಟಿ ಹಿಡಿದು ಎತ್ತಿ ನೋಡಿದೆ. ಜಾಕೆಟ್ ಮೇಲೆ ಬಂತು, ಮಗು ಕೆಳಗೆ ಜಾರಿತು. ನೀರಿಗೆ ಬಿದ್ದರೆ ಆಗುವುದೂ ಇದೇ. ಮಕ್ಕಳ ಅಳತೆಯದು ಕೊಡಿ ಎಂದರೆ, ‘ಇಲ್ಲ ಮೇಡಂ, ತೊಡೆಯ ಮೇಲೆ ಕೂರಿಸಿಕೊಳ್ಳಿ, ಎಲ್ಲರೂ ಹಾಗೆಯೇ ಹೋಗುತ್ತಾರೆ’ ಎಂದ. ಏಜೆನ್ಸಿಗೆ ಫೋನ್ ಮಾಡಲು ನೋಡಿದೆ, ಸಿಗ್ನಲ್ ಇರಲಿಲ್ಲ. ದೋಣಿಯಲ್ಲಿದ್ದ ಮಿಕ್ಕವರು ಬೇಗ ಹತ್ತಿ ಎಂದು ಅವಸರಿಸುತ್ತಿದ್ದರು.

ನಾನು ಹತ್ತಲಿಲ್ಲ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಬಳಿಯ ಕಡಲಿನಲ್ಲಿ, ಮಿತಿಗಿಂತ ಹೆಚ್ಚು ಜನರನ್ನು ತುಂಬಿಕೊಂಡಿದ್ದ ಪ್ರವಾಸಿ ದೋಣಿ ಮಗುಚಿ 21 ಮಂದಿ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ನೆರೆಯ ತಮಿಳುನಾಡಿನಿಂದ ಹೀಗೆಯೇ ಕುಟುಂಬ ಸಮೇತ ಬಂದಿದ್ದವರು. ಅತ್ತೆ ನನ್ನ ಕೈ ಹಿಡಿದುಕೊಂಡು, ‘ಬೇಡಮ್ಮ, ಗುಹೆ ಎಲ್ಲಿಗೂ ಹೋಗುವುದಿಲ್ಲ’ ಎಂದರು. ಬೆಳಗಿನ ಮೂರಕ್ಕೆ ಎದ್ದು, ಮಗುವನ್ನು ಅಷ್ಟು ನರಳಿಸಿ, ಜೆಟ್ಟಿಯ ಪಕ್ಕದ ಚಹಾ ಅಂಗಡಿಯಲ್ಲಿ ಮಧ್ಯಾಹ್ನದ ಬೆಂಗಾವಲಿಗಾಗಿ ಕಾದು ಕುಳಿತೆವು. ಬಾರಾಟಾಂಗನ್ನು ಚಿಕ್ಕ ಮಕ್ಕಳ ಪ್ರವಾಸದಿಂದ ಪೂರ್ತಿಯಾಗಿ ತೆಗೆದುಹಾಕಿ. ಈ ಮಾತನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಮರುದಿನ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್‌ಲಾಕ್. ಹಡಗಿನಲ್ಲಿ ಸುಮಾರು ಎರಡು ಗಂಟೆ, ಆ ಎರಡು ಗಂಟೆಯೂ ಮಗಳಿಗೆ ವಾಂತಿ. ಸಂಜೆಯ ಹೊತ್ತಿಗೆ ತುಟಿ ಒಣಗಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ, ಬೆಳಗಿನಿಂದ ಮೂತ್ರ ಮಾಡಿರಲಿಲ್ಲ. ಇವು ಮಗುವಿನ ಮೈಯಲ್ಲಿ ನೀರು ಬತ್ತಿರುವ ಲಕ್ಷಣಗಳು, ಕಂಡ ಕೂಡಲೇ ವೈದ್ಯರ ಬಳಿಗೆ ಓಡಬೇಕು. ಅಲ್ಲಿಯ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯೆ ತಾಳ್ಮೆಯಿಂದ ನೋಡಿದರು. ಮನೆಯಲ್ಲಿ ಮೊದಲಿನಿಂದಲೂ ಇದ್ದ ಓಆರ್‌ಎಸ್ ಎಂದು ಬರೆದ ಸಿಹಿ ಪಾನೀಯದ ಡಬ್ಬಿಗಳನ್ನು ನಾನು ಒಯ್ದಿದ್ದೆ. ಅವನ್ನು ನೋಡಿ ಬದಿಗಿಟ್ಟರು. ಇಂತಹ ಪಾನೀಯಗಳ ಮೇಲೆ ಆ ಹೆಸರು ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯ ಪೊಟ್ಟಣ. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಕರಗಿಸಬೇಕು. ಚಮಚ ಚಮಚವಾಗಿ ರಾತ್ರಿಯಿಡೀ ಕುಡಿಸಿದೆವು. ಬೆಳಗಿನ ಜಾವ ಅವಳು ‘ಮೊಸರನ್ನ ಬೇಕು’ ಎಂದಾಗ ಯಜಮಾನರು ಗೋಡೆಗೆ ಮುಖ ತಿರುಗಿಸಿ ಅತ್ತರು.

ರಾಧಾನಗರದ ಸೂರ್ಯಾಸ್ತವನ್ನು ನಾವು ನೋಡಲೇ ಇಲ್ಲ. ನಮ್ಮ ಪಡುಬಿದ್ರಿ, ಕಾಸರಕೋಡುಗಳ ಜೊತೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಅದು. ಅದರ ಬದಲು ನಮ್ಮ ಹೋಟೆಲಿನ ಪಕ್ಕದ ಹಳ್ಳಿಯಲ್ಲಿ ಅಡ್ಡಾಡಿದೆವು. ಆ ಹಳ್ಳಿಯ ಹೆಸರೂ ವಿಜಯನಗರ! ‘ನಮ್ಮ ಮನೆ ಎಲ್ಲಿ?’ ಎಂದು ಮಗಳು ಹುಡುಕಿದಳು.

ನಿಜವಾದ ಪೆಟ್ಟು ಬಿದ್ದದ್ದು ಕೊನೆಯಲ್ಲಿ, ಶಹೀದ್ ದ್ವೀಪದಲ್ಲಿ, ಅಂದರೆ ಹಳೆಯ ನೀಲ್ ದ್ವೀಪದಲ್ಲಿ. ಬೆಳಿಗ್ಗೆ ಅಲ್ಲಿಂದ ಹಡಗು, ಮಧ್ಯಾಹ್ನ ಪೋರ್ಟ್ ಬ್ಲೇರಿನಿಂದ ಬೆಂಗಳೂರಿಗೆ ವಿಮಾನ, ಎರಡೂ ಒಂದೇ ದಿನ. ಬಂಗಾಳ ಕೊಲ್ಲಿಯಲ್ಲಿ ಡಿಸೆಂಬರಿನಲ್ಲೂ ವಾಯುಭಾರ ಕುಸಿತಗಳು ಏಳುತ್ತವೆ. 2016ರ ಡಿಸೆಂಬರಿನಲ್ಲಿ ಇದೇ ಸ್ವರಾಜ್, ಶಹೀದ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿಕೊಂಡಿದ್ದರು. ನಮ್ಮ ಸಂದರ್ಭದಲ್ಲಿ ಗಾಳಿ ಅಷ್ಟೇನೂ ದೊಡ್ಡದಲ್ಲ, ಆದರೂ ಎರಡು ದಿನ ಹಡಗು ಬಿಡಲಿಲ್ಲ. ಹಡಗು ಬಿಡದಿದ್ದದ್ದು ಸರಿಯೇ. ವಿಮಾನ ಮಾತ್ರ ನಮ್ಮನ್ನು ಬಿಟ್ಟು ಹೋಯಿತು.

ಹೋಟೆಲಿನವರು ಆಗ ಇನ್ನೊಂದು ಸಂಗತಿ ತಿಳಿಸಿದರು. ಏಜೆನ್ಸಿ ಕಟ್ಟಿದ್ದು ಅರ್ಧ ಹಣ ಮಾತ್ರ, ಉಳಿದದ್ದನ್ನು ನಾವೇ ಕೊಡಬೇಕು. ಏಜೆನ್ಸಿಯ ಫೋನ್ ಮೊದಲು ಯಾರೂ ಎತ್ತಲಿಲ್ಲ, ನಂತರ ಸ್ವಿಚ್ ಆಫ್. ನಮ್ಮ ಕೈಯಲ್ಲಿದ್ದದ್ದು ಏಜೆನ್ಸಿ ತಾನೇ ಮುದ್ರಿಸಿದ ‘ವೋಚರ್’ ಎಂಬ ಕಾಗದ. ಅದಕ್ಕೆ ಯಾವ ಬೆಲೆಯೂ ಇರಲಿಲ್ಲ.

ರಾಮನಗರ, ಲಕ್ಷ್ಮಣಪುರ, ಭರತಪುರ, ಸೀತಾಪುರ ಎಂಬವು ಆ ದ್ವೀಪದ ಹಳ್ಳಿಗಳು. ಹಿಂದಿನ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ತರಕಾರಿ ಬೆಳೆಯುತ್ತಾರೆ. ರಾಮನಗರದ ಒಂದು ಮನೆಯವರು ತಮ್ಮ ಒಂದು ಕೋಣೆ ಬಿಟ್ಟುಕೊಟ್ಟರು. ಆ ಮನೆಯ ಅಜ್ಜಿಗೂ ನಮ್ಮ ಅತ್ತೆಗೂ ಒಂದು ಭಾಷೆಯೂ ಸಮನಾಗಿ ಬರುತ್ತಿರಲಿಲ್ಲ. ಆದರೂ ಇಬ್ಬರೂ ಅಂಗಳದಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದರು. ಮಗಳು ಕೋಳಿಮರಿಗಳ ಹಿಂದೆ ಓಡಿದಳು, ಬಿಸಿ ಅನ್ನ ತಿಂದಳು, ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದಳು. ಇಡೀ ಪ್ರವಾಸದಲ್ಲಿ ಅವಳು ಈಗಲೂ ನೆನೆಸಿಕೊಂಡು ಮಾತಾಡುವುದು ಆ ಎರಡು ದಿನಗಳನ್ನು ಮಾತ್ರ. ತೊರೆ ಸಮುದ್ರ ಸೇರುವ ಕಡೆ, ಕಾಂಡ್ಲಾ ಗಿಡಗಳ ಹತ್ತಿರ ಮಗುವನ್ನು ನೀರಿಗಿಳಿಸಬೇಡಿ, ಮೊಸಳೆ ಇರಬಹುದು ಎಂದು ಮೊದಲು ಎಚ್ಚರಿಸಿದವರೂ ಆ ಮನೆಯವರೇ. 2010ರಲ್ಲಿ ಸ್ವರಾಜ್ ದ್ವೀಪದಲ್ಲಿ ವಿದೇಶಿ ಪ್ರವಾಸಿ ಮಹಿಳೆಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ನಮ್ಮ ಹಾಳೆಯಲ್ಲಿ ಈ ಬಗ್ಗೆ ಒಂದಕ್ಷರವಿರಲಿಲ್ಲ.

ಹೊಸ ವಿಮಾನ ಟಿಕೆಟ್‌ಗೆ 38,000 ರೂಪಾಯಿ, ಹೋಟೆಲಿಗೆ ಎರಡನೆಯ ಬಾರಿ ಕಟ್ಟಿದ್ದು ಬೇರೆ.

ನೀವು ಹೊರಡುವುದಾದರೆ, ಪೂರ್ತಿ ಹಣ ಕೊಡುವ ಮೊದಲೇ ಪ್ರಯಾಣಿಕರ ಹೆಸರಿರುವ ಹಡಗಿನ ಟಿಕೆಟ್ ಕೇಳಿ ಪಡೆಯಿರಿ. ಪ್ರತಿ ಹೋಟೆಲಿಗೂ ನೀವೇ ಫೋನ್ ಮಾಡಿ, ಎಷ್ಟು ಹಣ ತಲುಪಿದೆ ಎಂದು ವಿಚಾರಿಸಿ. ವಿಮಾನಕ್ಕೆ ಕನಿಷ್ಠ ಒಂದು ಪೂರ್ತಿ ದಿನ ಮೊದಲು ಪೋರ್ಟ್ ಬ್ಲೇರಿಗೆ ಮರಳಿ. ಮಗುವಿನ ತೂಕಕ್ಕೆ ಸರಿಹೊಂದುವ ಲೈಫ್ ಜಾಕೆಟ್ ಬೆಂಗಳೂರಿನಿಂದಲೇ ಒಯ್ಯಿರಿ. ನಾವು ಈಗ ಕೊಂಡಿದ್ದೇವೆ, ಬ್ಯಾಗಿನಲ್ಲಿ ಅದು ಹೆಚ್ಚು ಜಾಗ ಹಿಡಿಯುವುದಿಲ್ಲ. ನಗದು ಇರಲಿ.

ನಮ್ಮಂತೆ ಈಗಾಗಲೇ ಮೋಸಹೋದವರಿಗೆ ಒಂದು ಮಾತು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಅಂಡಮಾನಿಗೆ ಹೋಗಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಪಾವತಿಸಿದ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳು, ಆ ಹಾಳೆ, ಯಾವುದನ್ನೂ ಬಿಸಾಡಬೇಡಿ. ನಮ್ಮ ನೋಟಿಸ್ ಸ್ಪೀಡ್ ಪೋಸ್ಟಿನಲ್ಲಿ ತಲುಪಿದೆ, ಉತ್ತರ ಬಂದಿಲ್ಲ, ದೂರು ಸಿದ್ಧವಾಗುತ್ತಿದೆ.

ಕಳೆದ ವಾರ ಆ ಏಜೆನ್ಸಿಯ ಮುಂದೆ ಹಾದು ಬಂದೆ. ಬೇಸಿಗೆ ರಜೆಯ ಪ್ಯಾಕೇಜ್ ಎಂದು ಹೊಸ ಹಾಳೆಯನ್ನು ಗಾಜಿಗೆ ಅಂಟಿಸಿದ್ದಾರೆ. ನಿಂತು ಓದಿದೆ. ಎರಡನೆಯ ದಿನ ಬೆಳಗಿನ ಜಾವ ಬಾರಾಟಾಂಗ್. ಮೂರನೆಯ ದಿನ, ಸಂಜೆ 6, ರಾಧಾನಗರದಲ್ಲಿ ಸೂರ್ಯಾಸ್ತ. ಒಳಗೆ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೇಜಿನ ಮುಂದೆ ಕುಳಿತಿದ್ದಳು. ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಅವಳೊಡನೆ ಮಾತಾಡಿದೆ.