ಟೆಡ್, ಸಿಇಡಿ, ವಿಎಚ್‌ಡಿ: ಮುಳ್ಳು ಚಿತ್ರ ಓದುವ ಮೂರು ಬಗೆ

ಟೆಡ್, ಸಿಇಡಿ, ವಿಎಚ್‌ಡಿ ಮೂರೂ ತಟ್ಟೆಯಲ್ಲಿನ ಚಿತ್ರವನ್ನು ಮುಳ್ಳಿನಿಂದ ಓದಿ ಟಿವಿಯಲ್ಲಿ ತೋರಿಸುತ್ತಿದ್ದ ಹಳೆಯ ವಿಡಿಯೊ ವ್ಯವಸ್ಥೆಗಳು. ಗ್ರಾಮಫೋನ್ ಮುಳ್ಳಿನ ಹಾಗೆ ವಿಡಿಯೊ ತಟ್ಟೆಯ ಮುಳ್ಳೂ ಸುರುಳಿ ಗೀರಿನಲ್ಲಿ, ಅಂದರೆ ಗ್ರೂವ್‌ನಲ್ಲಿ ಕುಣಿಯುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಕುಣಿಯುವುದಿಲ್ಲ. ಸೆಕೆಂಡಿಗೆ ಹತ್ತಾರು ಲಕ್ಷ ಸಲ ಏಳುವ ಅಲೆಯ ಬೆನ್ನು ಹತ್ತಲು ಯಾವ ವಜ್ರದ ತುದಿಗೂ ಆಗದು.

ಟೆಲಿಫುಂಕೆನ್ ಮತ್ತು ಡೆಕ್ಕಾ ಸೇರಿ 1975ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ತಂದ ಟೆಡ್ ಇದಕ್ಕೆ ಒತ್ತಡದ ದಾರಿ ಹಿಡಿಯಿತು. ಕಾಗದದಂತೆ ಬಾಗುವ 21 ಸೆಂ.ಮೀ. ಹಾಳೆ ನಿಮಿಷಕ್ಕೆ 1500 ಸುತ್ತು, ಗಾಳಿಯ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ವಜ್ರದ ಮುಂಭಾಗ ದೋಣಿಯ ಮೂತಿಯಂತೆ ಇಳಿಜಾರು, ಹಿಂಭಾಗ ನೆಟ್ಟಗೆ ಕಡಿದದ್ದು. ಗ್ರೂವ್ ತಳದ ಏಣುಗಳು ಅದರಡಿ ಅಮುಕಿಕೊಂಡು ಸಾಗಿ, ಹಿಂದಿನ ಅಂಚು ದಾಟಿದ ತಕ್ಷಣ ಒತ್ತಡ ಕಳಚುತ್ತದೆ. ಆ ಏರಿಳಿತವನ್ನು ಪೀಜೋ ಸೆರಾಮಿಕ್ ವಿದ್ಯುತ್ತಾಗಿಸುತ್ತದೆ. ಸುತ್ತಿಗೊಂದು ಫ್ರೇಮ್, ಅಂದರೆ ಒಂದು ಪೂರ್ಣ ಚಿತ್ರ. ಆದರೆ ಹತ್ತೇ ನಿಮಿಷಕ್ಕೆ 15,000 ಸುತ್ತು ಮುಗಿದು ಹಾಳೆಯೂ ಮುಗಿಯುತ್ತದೆ.

ಆರ್‌ಸಿಎ 1981ರಲ್ಲಿ ಅಮೆರಿಕದಲ್ಲಿ ತಂದ ಸಿಇಡಿಯದ್ದು ಇದಕ್ಕಿಂತ ಜಾಣ ಉಪಾಯ. 30 ಸೆಂ.ಮೀ. ತಟ್ಟೆ, 450 ಸುತ್ತು, ಬದಿಗೆ 60 ನಿಮಿಷ. ಅಂದರೆ 27,000 ಸುತ್ತಿನ ಗ್ರೂವ್. ಇಲ್ಲಿ ಗ್ರೂವ್ ಬರೀ ದಾರಿ ತೋರಿಸುತ್ತದೆ. ಪಿವಿಸಿಗೆ ಇಂಗಾಲದ ಪುಡಿ ಬೆರೆಸಿರುವುದರಿಂದ ತಟ್ಟೆಯಲ್ಲಿ ವಿದ್ಯುತ್ ಹರಿಯುತ್ತದೆ. ವಜ್ರದ ಹಿಂಬದಿಗೆ ಟೈಟಾನಿಯಂನ ತೆಳು ಲೇಪ. ವಜ್ರ ಒಟ್ಟಿಗೇ ಹಲವು ಅಲೆಗಳ ನೆತ್ತಿಯ ಮೇಲೆ ಕೂರುವುದರಿಂದ ಅದರ ಎತ್ತರ ಬದಲಾಗದು. ಟೈಟಾನಿಯಂ ಮತ್ತು ಗ್ರೂವ್ ತಳದ ನಡುವಿನ ಸಂದು ಮಾತ್ರ ಹಿಗ್ಗಿ ಕುಗ್ಗುತ್ತದೆ. ಜೊತೆಗೇ ಬದಲಾಗುವ ಕೆಪ್ಯಾಸಿಟೆನ್ಸನ್ನು (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) 910 ಮೆಗಾಹರ್ಟ್ಸ್ ಸುಮಾರಿನ ರೆಸೊನೇಟರ್ ಎಂಬ ಕಂಪನ ಸರ್ಕ್ಯೂಟ್ ಹಿಡಿಯುತ್ತದೆ. ಅಲೆಯ ಆಳ ಒಂದು ಮೈಕ್ರಾನಿನ ಹತ್ತನೇ ಒಂದು ಪಾಲೂ ಇಲ್ಲ!

ಗ್ರೂವ್‌ನಿಂದ ಗ್ರೂವ್‌ಗೆ ಅಂತರ ಸುಮಾರು 2.66 ಮೈಕ್ರಾನ್. 70 ಮೈಕ್ರಾನಿನ ಒಂದು ತಲೆಗೂದಲು ಇಪ್ಪತ್ತೈದಕ್ಕೂ ಹೆಚ್ಚು ಗ್ರೂವ್ ಮುಚ್ಚುತ್ತದೆ. ಅದಕ್ಕೇ ತಟ್ಟೆಯನ್ನು ಕವಚದಿಂದ ಕೈಯಲ್ಲಿ ತೆಗೆಯಬಾರದು. ದೂಳಿಗೆ ಸಿಕ್ಕಿ ಮುಳ್ಳು ಹಿಂದಕ್ಕೆ ಹಾರಿದರೆ ಅದೇ ದೃಶ್ಯ ಮತ್ತೆ ಬರುತ್ತದೆ. ಪರದೆಯಲ್ಲಿ ಕಾಣದ ಸಾಲಿನಲ್ಲಿ ಅಡಗಿಸಿಟ್ಟ ಸಂಖ್ಯೆ ಓದಿ ಪ್ಲೇಯರೇ ವಿದ್ಯುತ್ ಸುರುಳಿಯೊಂದರಿಂದ ಮುಳ್ಳನ್ನು ಮುಂದಕ್ಕೆ ತಳ್ಳುತ್ತದೆ. ಹೀಗೆ ಮುಳ್ಳು ಹಾರಿಸುವ ತಟ್ಟೆಯನ್ನು ಬಟ್ಟೆಯಿಂದ ಒರೆಸಬೇಡಿ: ಮೇಲಿನ ಎಣ್ಣೆ ಲೇಪ ಹೋಗುತ್ತದೆ, ಮರಳು ಗೀರುತ್ತದೆ. ಮೊದಲಿಂದ ಕೊನೆವರೆಗೆ ಎರಡು ಮೂರು ಸಲ ಓಡಿಸಿದರೆ ಎಷ್ಟೋ ಸಲ ಮುಳ್ಳೇ ದಾರಿ ಚೊಕ್ಕ ಮಾಡಿಕೊಳ್ಳುತ್ತದೆ. ಚಿತ್ರವೇ ಬಾರದಿದ್ದರೆ ಮುಳ್ಳಿಗೆ ತಗುಲಿದ ತೆಳು ಲೋಹದ ಎಳೆ ತುಂಡಾಗಿದೆಯೇ ನೋಡಿ.

ಜೆವಿಸಿಯ ವಿಎಚ್‌ಡಿ (ಜಪಾನ್, 1983) ಕೆಪ್ಯಾಸಿಟೆನ್ಸ್ ಉಳಿಸಿಕೊಂಡು ಗ್ರೂವನ್ನೇ ಬಿಟ್ಟಿತು. 26 ಸೆಂ.ಮೀ. ತಟ್ಟೆ, 900 ಸುತ್ತು. ಅಗಲ ತಳದ ಮುಳ್ಳು ಸಮತಟ್ಟು ಮೈಮೇಲೆ ಜಾರುತ್ತದೆ. ಪಕ್ಕದ ಪೈಲಟ್ ಸಂಕೇತ (ದಾರಿ ತೋರುವ ಗುರುತು) ನೋಡಿ ಸರ್ವೊ ಎಂಬ ನಿಯಂತ್ರಣ ಸರ್ಕ್ಯೂಟ್ ಮುಳ್ಳಿನ ದಾರಿ ಸರಿಪಡಿಸುತ್ತದೆ. ಗೋಡೆಗಳಿಲ್ಲದ ಕಾರಣ ಬೇಕಾದಲ್ಲಿಗೆ ನೆಗೆಯಬಹುದು. ಗ್ರೂವ್ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಒಂದು ಸರ್ಕ್ಯೂಟೇ ಬೇಕು, ಅದು ಕೆಟ್ಟರೆ ಮುಳ್ಳಿಗೆ ದಿಕ್ಕೇ ಇಲ್ಲ.

ಇಡೀ ಸಿನಿಮಾ ಕೂತು ನೋಡುವವರಿಗೆ ಸಿಇಡಿ ಸಾಕು. ಚಿತ್ರ ನಿಲ್ಲಿಸಿ ನೋಡಬೇಕೆಂದರೆ ಮಾತ್ರ ಅದು ಬೇಡ: ಸುತ್ತಿಗೆ ನಾಲ್ಕು ಫ್ರೇಮ್ ಇರುವುದರಿಂದ ನಿಂತ ಚಿತ್ರ ನಡುಗುತ್ತಲೇ ಇರುತ್ತದೆ.