ಹ್ಯೂಸ್ಟನ್‌ನ ಹಿಲ್ಟನ್ ಅಮೆರಿಕಾಸ್: ರೂಮಿಗಿಂತ ಜಾಗಕ್ಕೇ ಜಾಸ್ತಿ ಮಾರ್ಕ್ಸ್

ಆಫೀಸ್ ಕೆಲಸದ ಮೇಲೆ ಕಾನ್ಫರೆನ್ಸ್‌ಗೆ ಹೋಗಿ ಇಲ್ಲಿ ನಾಲ್ಕು ರಾತ್ರಿ ಇದ್ದೆ. 1,200 ರೂಮಿನ ದೊಡ್ಡ ಹೋಟೆಲ್. ರೂಮು ಕ್ಲೀನ್, ಹಾಸಿಗೆ ಚೆನ್ನಾಗಿದೆ, ಅದರ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕಾಗಿರುವುದು ಇದನ್ನು ಕಟ್ಟಿರುವ ಜಾಗದ ಬಗ್ಗೆ.

ಬೆಳಿಗ್ಗೆ ಪರದೆ ಸರಿಸಿದರೆ ಕೆಳಗೇ ಡಿಸ್ಕವರಿ ಗ್ರೀನ್ ಪಾರ್ಕ್. 12 ಎಕರೆ, ಸಾಲಾಗಿ ಹಳೆಯ ಓಕ್ ಮರಗಳು, ಒಂದು ಪುಟ್ಟ ಕೆರೆ, ನೆಲದಿಂದಲೇ ಚಿಮ್ಮುವ ಕಾರಂಜಿ. ಸಂಜೆ ಇಳಿದು ಹೋದೆ. ಮೂರು ವರ್ಷದ ಹುಡುಗಿಯೊಬ್ಬಳು ತೊಪ್ಪೆಯಾಗಿ ನೆನೆದು, ತುಟಿ ನಡುಗುತ್ತಿದ್ದರೂ ಮತ್ತೆ ಮತ್ತೆ ನೀರಿಗೇ ಓಡುತ್ತಿದ್ದಳು, ಅವಳ ಅಜ್ಜಿ ಟವೆಲ್ ಬಿಡಿಸಿ ಹಿಡಿದುಕೊಂಡು ಹಿಂದೆಯೇ. ಸುತ್ತ ಇದ್ದವರಲ್ಲಿ ನಮ್ಮ ಹಾಗೆ ಕುತ್ತಿಗೆಗೆ ಬ್ಯಾಡ್ಜ್ ಹಾಕಿಕೊಂಡವರು ಕಡಿಮೆ, ಊರಿನವರೇ ಜಾಸ್ತಿ. ನನಗೆ ತುಂಬಾ ಖುಷಿಯಾಗಿದ್ದು ಅದಕ್ಕೇ.

ಇಲ್ಲಿ ಮೊದಲು ಹೀಗಿರಲಿಲ್ಲ. ದೊಡ್ಡ ಸಮ್ಮೇಳನಗಳು ನಡೆಯುವ ಜಾರ್ಜ್ ಆರ್. ಬ್ರೌನ್ ಕನ್ವೆನ್ಷನ್ ಸೆಂಟರನ್ನು 1987ರಲ್ಲೇ ಡೌನ್‌ಟೌನ್‌ನ ಪೂರ್ವದ ಅಂಚಿಗೆ ಕಟ್ಟಿದ್ದರು, ಆದರೆ ಅದಕ್ಕೆ ಅಂಟಿಕೊಂಡು ಒಂದು ದೊಡ್ಡ ಹೋಟೆಲ್ ಇರಲಿಲ್ಲ, ಎದುರಿಗೆ ಕಾರು ನಿಲ್ಲಿಸುವ ಬಯಲು. ಕೊನೆಗೆ ನಗರಾಡಳಿತದವರೇ ಮುಂದೆ ನಿಂತು ಈ ಹೋಟೆಲ್ ಕಟ್ಟಿಸಿದರು. 2003ರ ಕೊನೆಗೆ ಬಾಗಿಲು ತೆಗೆದರು, ಮುಂದಿನ ಫೆಬ್ರವರಿಗೆ ಊರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ಸೂಪರ್ ಬೌಲ್. 2003ರಲ್ಲೇ ಹಿಂದುಗಡೆ ಟೊಯೋಟಾ ಸೆಂಟರ್ ಅನ್ನೋ ಬ್ಯಾಸ್ಕೆಟ್‌ಬಾಲ್ ಒಳಾಂಗಣ, 2008ರಲ್ಲಿ ಪಾರ್ಕ್, ಮರುವರ್ಷ ಪಾರ್ಕಿನ ಬದಿಗೆ 37 ಮಹಡಿಯ ಒನ್ ಪಾರ್ಕ್ ಪ್ಲೇಸ್ ಅಪಾರ್ಟ್‌ಮೆಂಟ್, 2015ರಲ್ಲಿ ಹತ್ತಿರದಲ್ಲೇ ಟ್ರೈನು, 2016ರಲ್ಲಿ ಇನ್ನೊಂದು ಹೋಟೆಲ್, 1,000 ರೂಮಿನ ಮ್ಯಾರಿಯಟ್ ಮಾರ್ಕ್ವಿಸ್. ಆ ಅಪಾರ್ಟ್‌ಮೆಂಟಿನ ಕೆಳಗೆ ಫಿನೀಷಿಯಾ ಅಂತ ದಿನಸಿ ಅಂಗಡಿ ಇದೆ. ಮೊಸರು, ಪೀಟಾ, ಆಲಿವ್ ತಂದು ಎರಡು ರಾತ್ರಿ ರೂಮಲ್ಲೇ ಊಟ ಮುಗಿಸಿದೆ. ಸಸ್ಯಾಹಾರಿಗಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಲ್ವಾ? ಹಿಂದೊಮ್ಮೆ ಬೇರೆ ಊರಿನ ಕನ್ವೆನ್ಷನ್ ಹೋಟೆಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಹೊರಗೆ ಬಂದರೆ ಒಂದು ಕಡೆ ಹೈವೇ, ಇನ್ನೊಂದು ಕಡೆ ಪಾರ್ಕಿಂಗ್ ಕಟ್ಟಡ. ಚಿಪ್ಸ್ ತಿಂದು ಮಲಗಿದ್ದೆ.

ಹೋಟೆಲ್ ಕಟ್ಟಿದ ಮಾತ್ರಕ್ಕೆ ಊರು ಬೆಳೆಯುತ್ತೆ ಅನ್ನೋದನ್ನ ನಾನು ನಂಬಲ್ಲ. ಸೇಂಟ್ ಲೂಯಿಸ್‌ನಲ್ಲೂ ಸುಮಾರು ಅದೇ ಸಮಯಕ್ಕೆ, ಕನ್ವೆನ್ಷನ್ ಸೆಂಟರ್ ಎದುರಿಗೇ, ಹಳೆಯ ಸ್ಟಾಟ್ಲರ್ ಕಟ್ಟಡವನ್ನು ದೊಡ್ಡ ಹೋಟೆಲ್ ಮಾಡಿದರು. ಸಾಲ ತೀರಿಸಲಾಗದೆ 2009ರಲ್ಲಿ ಅದು ಬಾಂಡ್ ಕೊಂಡು ಸಾಲ ಕೊಟ್ಟವರ ಕೈಗೆ ಹೋಯಿತು. ಹ್ಯೂಸ್ಟನ್‌ನಲ್ಲಿ ಹೋಟೆಲ್ ಪಕ್ಕದ ಬಯಲನ್ನು ಊರಿನ ಜನಕ್ಕೆ ಅಂತಲೇ ಪಾರ್ಕ್ ಮಾಡಿದ್ದಾರೆ, ಕಾರುಗಳನ್ನು ಅದರ ಅಡಿಗೆ ಇಳಿಸಿದ್ದಾರೆ. ನನ್ನ ಪ್ರಕಾರ ಈ ಕಡೆಗೆ ಜೀವ ಬಂದಿದ್ದು ಅದರಿಂದಲೇ.

ಒಂದೇ ತಕರಾರು. ಹೋಟೆಲ್‌ನಿಂದ ಕನ್ವೆನ್ಷನ್ ಸೆಂಟರಿಗೆ ಮೇಲಿಂದಲೇ ಸೇತುವೆ ಇದೆ. ಬೇಸಿಗೆಯ ಸೆಕೆಗೆ ಒಳ್ಳೆಯದೇ, ಆದರೆ ಮೂರು ದಿನ ರಸ್ತೆಗೆ ಕಾಲಿಡದೆ ವಾಪಸ್ ಹೋಗುವವರನ್ನು ಕಣ್ಣಾರೆ ನೋಡಿದೆ. ಕೆಳಗಿನ ಅಂಗಡಿಯವರಿಗೆ ವ್ಯಾಪಾರ ಎಲ್ಲಿಂದ ಆಗಬೇಕು?

5ಕ್ಕೆ 4 ಕೊಡ್ತೀನಿ. ಬುಕ್ ಮಾಡುವಾಗ ಉತ್ತರದ ಕಡೆ, ಪಾರ್ಕ್ ಕಾಣುವ ರೂಮನ್ನೇ ಕೇಳಿ.